ಸಂಬಳದಲ್ಲಿಯೇ ಮುರಿದುಕೊಳ್ಳುವ ತೆರಿಗೆ

ಪೆರ್ಡೂರಿನಿಂದ ಹಿರಿಯಡಕದ ದಾರಿಯಾಗಿ ಮಣಿಪಾಲಕ್ಕೆ ನೌಕರಿಗೆ ಹೋಗಿಬರುವ ತರುಣ ತರುಣಿಯರು ಅನೇಕರು. ಮಣಿಪಾಲದಲ್ಲಿ ಒಂದೆರಡು ವರ್ಷ ದುಡಿದು, ಹೆಚ್ಚಿನ ವೇತನಕ್ಕಾಗಿ ಬೆಂಗಳೂರು ಸೇರುವವರೂ ಇದ್ದಾರೆ. ಇಂಥ ಮಕ್ಕಳಿರುವ ಮನೆಗಳಲ್ಲಿ ಒಂದು ಪ್ರಶ್ನೆ ಆಗಾಗ ಏಳುತ್ತದೆ: “ಹೇಳಿದ ಸಂಬಳ ಒಂದು, ಕೈಗೆ ಬಂದದ್ದು ಇನ್ನೊಂದು, ನಡುವಿನ ಹಣ ಎಲ್ಲಿ ಹೋಯಿತು?” ಈ ತಿಂಗಳು ನಾವು ಅದನ್ನೇ ವಿಚಾರಿಸೋಣ.

ವೇತನದಿಂದ ಸಾಮಾನ್ಯವಾಗಿ ಮೂರು ಬಗೆಯ ಕಡಿತಗಳಾಗುತ್ತವೆ. ಭವಿಷ್ಯನಿಧಿಯ ಹಣ ನೌಕರನ ಹೆಸರಿನಲ್ಲಿಯೇ ಉಳಿಯುತ್ತದೆ. ವೃತ್ತಿ ತೆರಿಗೆ ರಾಜ್ಯ ಸರ್ಕಾರಕ್ಕೆ ಸಲ್ಲುತ್ತದೆ; ಅದು ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. ಮೂರನೆಯದು ಆದಾಯ ತೆರಿಗೆ. ಎಚ್ಚರ ಬೇಕಾದದ್ದು ಇಲ್ಲಿಯೇ.

1961ರ ಆದಾಯ ತೆರಿಗೆ ಕಾಯ್ದೆಯ 192ನೇ ಕಲಮು ಇದರ ಕ್ರಮವನ್ನು ನಿಗದಿಪಡಿಸಿತು. ನೌಕರನ ಇಡೀ ವರ್ಷದ ವೇತನವನ್ನು ಉದ್ಯೋಗದಾತರು ಅಂದಾಜು ಮಾಡಿ, ಅದರ ತೆರಿಗೆಯನ್ನು ತಿಂಗಳುಗಳಿಗೆ ಹಂಚಿ ಮುರಿದುಕೊಳ್ಳಬೇಕು. ಹೆಚ್ಚುಕಡಿಮೆಯಾದರೆ ಅದೇ ವರ್ಷದ ಮುಂದಿನ ತಿಂಗಳುಗಳಲ್ಲಿ ಸರಿಹೊಂದಿಸಬಹುದು. 2026ರ ಏಪ್ರಿಲ್ 1ರಿಂದ ಜಾರಿಯ ದಿನಾಂಕ ಪಡೆದ 2025ರ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ ಈ ಕ್ರಮದ ತಿರುಳು ಅದೇ. ಅಂದರೆ ಪ್ರತಿ ತಿಂಗಳ ಕಡಿತ ಒಂದು ಅಂದಾಜು ಮಾತ್ರ. ನಾವು ತಿಳಿಸದ ಸಂಗತಿ ಆ ಅಂದಾಜಿನಲ್ಲಿ ಸೇರುವುದಿಲ್ಲ.

ಒಂದು ಲೆಕ್ಕ ನೋಡೋಣ. 2025-26ನೇ ಹಣಕಾಸು ವರ್ಷದಲ್ಲಿ, ಹೊಸ ತೆರಿಗೆ ಪದ್ಧತಿಯಂತೆ, 75,000 ರೂಪಾಯಿಯ ಪ್ರಮಾಣಿತ ಕಡಿತ ಸೇರಿ 12.75 ಲಕ್ಷದವರೆಗಿನ ವೇತನಕ್ಕೆ ತೆರಿಗೆ ಬೀಳುವುದಿಲ್ಲ. ಒಬ್ಬ ತರುಣ ಮೊದಲ ಆರು ತಿಂಗಳು 80,000ದಂತೆ 4.8 ಲಕ್ಷ ಪಡೆದು, ಅಕ್ಟೋಬರಿನಿಂದ ಇನ್ನೊಂದು ಕಚೇರಿಯಲ್ಲಿ 1.45 ಲಕ್ಷದಂತೆ 8.7 ಲಕ್ಷ ಪಡೆದನೆಂದು ಭಾವಿಸಿರಿ. ಹಳೆಯ ಕಚೇರಿಯ ಅಂದಾಜು ವರ್ಷಕ್ಕೆ 9.6 ಲಕ್ಷ, ಹೊಸ ಕಚೇರಿಗೆ ಕಂಡದ್ದು 8.7 ಲಕ್ಷ. ಎರಡೂ ಕಡೆ ತೆರಿಗೆ ಮುರಿಯಲಿಲ್ಲ. ಆದರೆ ಒಟ್ಟು ವೇತನ 13.5 ಲಕ್ಷ, ಪ್ರಮಾಣಿತ ಕಡಿತ ಕಳೆದು 12.75 ಲಕ್ಷ. ಇದಕ್ಕೆ ಸೆಸ್ ಸೇರಿ ತೆರಿಗೆ 74,100 ರೂಪಾಯಿ! ವರ್ಷ ಕಳೆದು ವಿವರಣಾ ಪತ್ರ ಸಲ್ಲಿಸುವಾಗ ಈ ಮೊತ್ತ ಒಟ್ಟಿಗೆ ಎದುರು ನಿಲ್ಲುತ್ತದೆ, ಮೇಲೆ ಬಡ್ಡಿಯೂ ಸೇರುತ್ತದೆ. ಅಷ್ಟರಲ್ಲಿ ಆ ಹಣ ತಂಗಿಯ ಕಾಲೇಜು ಶುಲ್ಕಕ್ಕೋ ಮನೆಯ ಸಾಲದ ಕಂತಿಗೋ ವೆಚ್ಚವಾಗಿದ್ದರೆ ಗತಿಯೇನು?

ಪರಿಹಾರ ಸುಲಭ. ಹೊಸ ಕಚೇರಿಗೆ ಸೇರಿದ ಕೂಡಲೇ ಹಳೆಯ ಕಚೇರಿಯ ವೇತನ ಮತ್ತು ಕಡಿತದ ವಿವರವನ್ನು ಬರೆದು ಕೊಡಬೇಕು. 1961ರ ಕಾಯ್ದೆಯ ನಿಯಮಗಳಲ್ಲಿ ಇದಕ್ಕೆ ನಮೂನೆ 12ಬಿ ಎಂದು ಹೆಸರು. ಆಗ ಅದೇ 74,100 ರೂಪಾಯಿ ಉಳಿದ ಆರು ತಿಂಗಳಿಗೆ 12,350ರಂತೆ ಹಂಚಿಹೋಗುತ್ತದೆ.

ಇದಕ್ಕೆ ತಿರುಗುಮುರುಗಾದ ತೊಂದರೆಯೂ ಉಂಟು. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ. ಹಳೆಯದು ಬೇಕಾದವರು ಕೇಳಿ ಪಡೆಯಬೇಕು. ಯಾರದೋ ಮಾತು ಕೇಳಿ ಹಳೆಯದನ್ನು ಆರಿಸಿ, ಉಳಿತಾಯದ ದಾಖಲೆ ಏನೂ ಕೊಡದಿದ್ದರೆ, 8 ಲಕ್ಷ ವೇತನದವನಿಗೂ 2025-26ರಲ್ಲಿ 65,000 ರೂಪಾಯಿ ತೆರಿಗೆ ಬೀಳುತ್ತದೆ. ಹೊಸ ಪದ್ಧತಿಯಲ್ಲಿ ಏನೂ ಇಲ್ಲ. ಹೀಗೆ ಹೆಚ್ಚಾಗಿ ಮುರಿದ ಹಣ ಕಳೆದುಹೋಗುವುದಿಲ್ಲ. ವೇತನವೊಂದೇ ಆದಾಯವಾಗಿರುವವರು ವಿವರಣಾ ಪತ್ರದಲ್ಲಿ ಹೊಸ ಪದ್ಧತಿಯನ್ನೇ ಆರಿಸಿ ಮರುಪಾವತಿ ಪಡೆಯಬಹುದು. ಆದರೆ ಅಲ್ಲಿಯವರೆಗೆ ಕಾಯಬೇಕು.

ಕಡಿತ ತಗ್ಗಲೆಂದು ಸುಳ್ಳು ಬಾಡಿಗೆ ರಸೀದಿ ಕೊಡುವ ಚಾಳಿ ಕೆಲವೆಡೆ ಇದೆ. ಅದು ಬೇಡ. ಸಿಕ್ಕಿಬಿದ್ದರೆ ತೆರಿಗೆ, ಬಡ್ಡಿ, ದಂಡ ಮೂರೂ ತೆರಬೇಕಾಗುತ್ತದೆ. ಕಾಯಕದಿಂದ ಬಂದ ಹಣಕ್ಕೆ ಸುಳ್ಳಿನ ಲೆಕ್ಕ ಶೋಭಿಸದು.

ಹಿರಿಯರಲ್ಲಿ ನಮ್ಮದೊಂದು ವಿನಂತಿ. ಮಗನಾಗಲಿ ಮಗಳಾಗಲಿ ನೌಕರಿ ಬದಲಿಸಿದಾಗ “ಎಷ್ಟು ಸಂಬಳ?” ಎಂದು ಕೇಳುವಂತೆಯೇ “ಹಿಂದಿನ ಸಂಬಳದ ಲೆಕ್ಕ ಕೊಟ್ಟೆಯಾ?” ಎಂದೂ ಕೇಳಿರಿ. ವೇತನ ಚೀಟಿಗಳನ್ನೂ ಉದ್ಯೋಗದಾತರು ಕೊಡುವ ಕಡಿತದ ಪ್ರಮಾಣಪತ್ರವನ್ನೂ ಮನೆಯ ಕಾಗದಪತ್ರಗಳೊಡನೆ ಜೋಪಾನವಾಗಿ ಇಡಿಸಿರಿ. ಮಾರ್ಚಿಯಲ್ಲಿ ಚಿಂತಿಸುವ ಬದಲು ಏಪ್ರಿಲಿನಲ್ಲಿಯೇ ಲೆಕ್ಕ ಹಾಕುವ ಮನೆಗೆ ತೆರಿಗೆಯ ಭಯವಿಲ್ಲ.