ಇಪ್ಪತ್ತು ಅಂಕದ ಪ್ರಾಜೆಕ್ಟ್: ಬರೆಯುವುದು ಯಾರು, ಓದುವುದು ಯಾರು?

ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ ಇನ್ನು ಲಿಖಿತ ಪರೀಕ್ಷೆಗೇ ಪ್ರತ್ಯೇಕವಾಗಿ ಕನಿಷ್ಠ ಅಂಕ ಬೇಕು. 2024ರಲ್ಲಿ ಸರ್ಕಾರ ಪ್ರಕಟಿಸಿದ ಕ್ರಮದಂತೆ 2024-25ರಲ್ಲಿ ಎಂಟನೆಯ, ಮರುವರ್ಷ ಒಂಬತ್ತನೆಯ, 2026-27ರಲ್ಲಿ ಹತ್ತನೆಯ ತರಗತಿಗೆ ಈ ನಿಯಮ. ಸಮಾಜ ವಿಜ್ಞಾನದಲ್ಲಿ ಲಿಖಿತಕ್ಕೆ 80, ನಿರಂತರ ಮೌಲ್ಯಮಾಪನಕ್ಕೆ 20 ಅಂಕ. ಆ 80ರಲ್ಲಿ ಶೇಕಡಾ 30, ಅಂದರೆ 24 ಬರಲೇಬೇಕು. ಇಪ್ಪತ್ತಕ್ಕೆ ಇಪ್ಪತ್ತು ಎಲ್ಲರಿಗೂ ಸಿಗ್ತದೆ ಎಂಬ ದೂರು 2005ರಲ್ಲಿ ಗ್ರೇಡಿಂಗ್ ಬಂದಾಗಿನಿಂದಲೂ ಉಂಟು. ಅದಕ್ಕೆ ಮದ್ದು ಇದು.

ಮದ್ದು ಸರಿಯೋ ತಪ್ಪೋ, ಚರ್ಚೆಯೆಲ್ಲ ಪಾಸು-ಫೇಲಿನ ಸುತ್ತವೇ ಸುತ್ತುತ್ತಿದೆ. ನನ್ನ ಚಿಂತೆ ಉಳಿದ ಆ 20ರದ್ದು. ಅದರೊಳಗೆ ಪ್ರಾಜೆಕ್ಟ್ ಎಂಬುದೊಂದಿದೆ. ಹುಡುಗನೋ ಹುಡುಗಿಯೋ ತಾನೇ ಒಂದು ಪ್ರಶ್ನೆ ಹಿಡಿದು, ಊರಲ್ಲಿ ತಿರುಗಿ, ಕೇಳಿ, ಬರೆಯಬೇಕಾದ ಕೆಲಸ. ಈಗ ನಡೆಯುವುದೇನು? ಅಂಗಡಿಯಿಂದ ಚಿತ್ರ ತಂದು ಅಂಟಿಸುವುದು, ಮೊಬೈಲಿನಿಂದ ನಕಲು, ಕೊನೆಗೆ ಅಪ್ಪನ ಕೈಬರಹ. ಲಿಖಿತದ ಒತ್ತಡ ಹೆಚ್ಚಿದಷ್ಟೂ ಇದು ಇನ್ನೂ ಕಾಟಾಚಾರವಾದೀತು. ಹಾಗಾದರೆ ಹೆಚ್ಚು ಕಳೆದುಕೊಳ್ಳುವವರು ಗಡಿನಾಡಿನ ನಾವು.

ಏಕೆಂದರೆ ನಮ್ಮ ಊರಿನ ಸಂಗತಿ ಪಠ್ಯಪುಸ್ತಕದಲ್ಲಿ ಸಿಗ್ಲಿಕ್ಕಿಲ್ಲ. ಸುರಂಗವನ್ನೇ ತೆಗೆದುಕೊಳ್ಳಿ. ಬಾಯಾರು, ಎಣ್ಮಕಜೆ ಕಡೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡಕ್ಕೆ ಕೊರೆದು, ಪಂಪಿಲ್ಲದೆ ನೀರನ್ನು ಅಡಿಕೆ ತೋಟಕ್ಕೆ ಹರಿಸಿದವರು ನಮ್ಮವರೇ. ಒಳಗೆ ಹೋಗುವಾಗ ದೀಪ ಹಚ್ಚಿಕೊಳ್ಳುತ್ತಿದ್ದರು. ದೀಪ ನಂದಿತೆಂದರೆ ಗಾಳಿ ಸಾಲದು, ಹಿಂದೆ ಬರಬೇಕು. ಈ ಕೆಲಸ ಬಲ್ಲವರು ವರ್ಷಕ್ಕೆ ವರ್ಷ ಕಡಿಮೆಯಾಗುತ್ತಿದ್ದಾರೆ. 'ಜಲ ಸಂರಕ್ಷಣೆ' ಎಂದು ಹೆಸರಿಟ್ಟು ಮೂವತ್ತು ಪುಟ ತುಂಬಿಸುವ ಬದಲು, 'ನಮ್ಮ ವಾರ್ಡಿನಲ್ಲಿ ಎಷ್ಟು ಸುರಂಗ, ಎಷ್ಟರಲ್ಲಿ ಬೇಸಗೆಯಲ್ಲೂ ನೀರುಂಟು, ಕೊಳವೆಬಾವಿ ಬಂದ ಮೇಲೆ ಎಷ್ಟು ಬತ್ತಿದವು' ಎಂದು ಹತ್ತು ಮನೆ ಕೇಳಿ ಬರೆದರೆ ಎಂಟು ಪುಟ ಸಾಕು. ಏತಡ್ಕದ ಕಡೆಯವರಿಗೆ ತೋಡಿಗೆ ಹಾಕುವ ಕಟ್ಟಗಳುಂಟು. ಅದೂ ಇಂಥದೇ ವಿಷಯ.

ವ್ಯಾಪಾರದವರ ಮನೆಯ ಮಕ್ಕಳಿಗೆ ವಿಷಯ ಇನ್ನೂ ಹತ್ತಿರ. 1973ರಲ್ಲಿ ಕರ್ನಾಟಕ-ಕೇರಳ ಎರಡೂ ಸೇರಿ ಕ್ಯಾಂಪ್ಕೊ ಕಟ್ಟಿದ್ದು ಅಡಿಕೆ ಧಾರಣೆ ಕುಸಿದು ಬೆಳೆಗಾರ ಕಂಗಾಲಾಗಿದ್ದಾಗ. ಆ ದಿನಗಳನ್ನು ಕಂಡವರು ಇನ್ನೂ ಇದ್ದಾರೆ. ಅವರನ್ನು ಕೇಳಬಹುದು, ಅಂಗಡಿಯ ಹಳೆ ಲೆಕ್ಕದ ಪುಸ್ತಕ ಬಿಚ್ಚಿ ನೋಡಬಹುದು. ಪುಸ್ತಕ ಒಂದು ಹೇಳಿ, ಅಜ್ಜ ಇನ್ನೊಂದು ಹೇಳಿದರೆ ಎರಡನ್ನೂ ಬರೆಯಬೇಕು. ಸಂಶೋಧನೆ ಸುರುವಾಗುವುದೇ ಅಲ್ಲಿ ಮಾರಾಯ್ರೆ!

ಇದೆಲ್ಲ ಮಕ್ಕಳಾಟ ಎನ್ನುವವರು ಪಡ್ರೆಯನ್ನು ನೆನೆಯಲಿ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುವುದು ನಿಂತದ್ದು 2000ದ ಹೊತ್ತಿಗೆ. ಅದಕ್ಕೆ ಮುಂಚೆಯೇ, 1990ರ ದಶಕದಲ್ಲಿ, ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಬರೆದು ಎಚ್ಚರಿಸಿದ್ದರು. ಪತ್ರಕರ್ತ ಶ್ರೀಪಡ್ರೆ ಬೆನ್ನಿಗೆ ನಿಂತರು. ದೊಡ್ಡ ತನಿಖೆಗಳೆಲ್ಲ ಬಂದದ್ದು ಆಮೇಲೆ. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಊರಿನವರು ಊರನ್ನು ಗಮನಿಸಿ ಬರೆದಿಟ್ಟದ್ದಕ್ಕೆ ಅಷ್ಟು ತೂಕ ಬಂತು. ಹಾಗೆಂದು ಹದಿನೈದರ ಮಕ್ಕಳನ್ನು ರೋಗಿಗಳ ಮನೆಗೆ ಅಟ್ಟಬೇಡಿ. ಯಾರನ್ನು ಕೇಳಿದರೂ ಯಾತಕ್ಕೆಂದು ಮೊದಲೇ ಹೇಳಬೇಕು, ಬೇಡವೆಂದವರ ಹೆಸರು ಹಾಕಬಾರದು. ಇದನ್ನು ಕಲಿಸುವುದೂ ಪ್ರಾಜೆಕ್ಟಿನ ಭಾಗವೇ.

ಇನ್ನು ಭಾಷೆ. ತುಳುವಿನಲ್ಲೋ ಬ್ಯಾರಿಯಲ್ಲೋ ಮಲಯಾಳದಲ್ಲೋ ಹವ್ಯಕದಲ್ಲೋ ಕೇಳಿದ್ದನ್ನು ಮಗು ಕನ್ನಡದಲ್ಲಿ ಬರೆಯಬೇಕು. 'ಮದಕ' ಎಂದು ಅಜ್ಜಿ ಹೇಳಿದರೆ ಮದಕ ಎಂದೇ ಬರೆಯಲಿ, ಕೆರೆ ಎಂದು ತಿದ್ದುವುದು ಬೇಡ. ಆದರೆ ಅದನ್ನು ಓದಿ ಅಂಕ ಕೊಡುವ ಮಾಸ್ತರರಿಗೆ ಕನ್ನಡ ಬರಬೇಕಲ್ಲ? ಕನ್ನಡ ಮಾಧ್ಯಮಕ್ಕೆ ಕನ್ನಡ ಬಾರದವರ ನೇಮಕದ ವಿರುದ್ಧ ಕಾಸರಗೋಡಿನಲ್ಲಿ ಮತ್ತೆ ಮತ್ತೆ ಪ್ರತಿಭಟನೆ ನಡೆದದ್ದನ್ನು ಕೇವಲ ಉದ್ಯೋಗದ ಜಗಳವೆಂದು ನೋಡಿದವರುಂಟು. ಬರೆದದ್ದು ಅರ್ಥವಾಗದ ಮೇಷ್ಟ್ರು ಮಾಡಬಹುದಾದದ್ದು ಒಂದೇ: ಎಲ್ಲರಿಗೂ ಇಪ್ಪತ್ತು!

ಪೋಷಕರು ಮಾಡಬಹುದಾದದ್ದು ಸಣ್ಣದು. ಬರೆದುಕೊಡಬೇಡಿ, ಮಕ್ಕಳು ಕೇಳಲು ಬಂದಾಗ ಅರ್ಧ ಗಂಟೆ ಕುಳಿತು ಮಾತಾಡಿ. ಸಮಾಜ ವಿಜ್ಞಾನ ಮೇಳದಲ್ಲಿ ಪ್ರಾದೇಶಿಕ ಇತಿಹಾಸ ರಚನೆ ಎಂಬ ಸ್ಪರ್ಧೆಯುಂಟು, ಒಳ್ಳೆಯದನ್ನು ಅಲ್ಲಿಗೆ ಕಳಿಸಲು ಶಾಲೆಗೆ ಹೇಳಿ. ಅಂಕ ಸಿಕ್ಕಿದ ಮೇಲೆ ಆ ಪುಸ್ತಕ ಗುಜರಿಗೆ ಹೋಗುವುದು ಬೇಡ. ಜೆರಾಕ್ಸ್ ಮಾಡಿಸಿ ಒಂದು ಪ್ರತಿಯನ್ನು ಊರಿನ ಗ್ರಂಥಾಲಯದಲ್ಲಿ ಇಟ್ಟರೆ, ಮುಂದಿನ ವರ್ಷದ ಹುಡುಗರು ಅಲ್ಲಿಂದ ಸುರು ಮಾಡಬಹುದು.