ನೆರೆಹೊರೆಯ ಬೇಲಿ ಬಡವರ ಮಕ್ಕಳಿಗೆ ಮಾತ್ರವೇ?

ಬೆಂಗಳೂರಿನಲ್ಲಿ ಬೆಳಗಾಗುತ್ತಿದ್ದಂತೆ ಹಳದಿ ಬಸ್ಸುಗಳು ಊರಿನ ಈ ತುದಿಯಿಂದ ಆ ತುದಿಗೆ ಮಕ್ಕಳನ್ನು ತುಂಬಿಕೊಂಡು ಓಡುತ್ತವೆ. ಬನಶಂಕರಿಯ ಮಗು ಕನಕಪುರ ರಸ್ತೆಯ ಶಾಲೆಗೆ ಹೋಗುತ್ತದೆ, ಮಾರತ್ತಹಳ್ಳಿಯ ಮಗು ಸರ್ಜಾಪುರದ ಕಡೆಗೆ. ದಾರಿಯಲ್ಲಿ ಎಷ್ಟು ಸರ್ಕಾರಿ ಶಾಲೆಗಳನ್ನು ದಾಟಿ ಹೋದಿರಿ ಎಂದು ಆ ತಂದೆತಾಯಿಯನ್ನು ಯಾವ ಇಲಾಖೆಯೂ ಕೇಳುವುದಿಲ್ಲ. ಅದೇ ಬಡಾವಣೆಯಲ್ಲಿ ಮನೆಗೆಲಸ ಮಾಡುವ ತಾಯಿ ತನ್ನ ಮಗಳನ್ನು ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟಿನಲ್ಲಿ ಪಕ್ಕದ ಬೀದಿಯ ಖಾಸಗಿ ಶಾಲೆಗೆ ಸೇರಿಸಲು ಹೊರಟರೆ ಮಾತ್ರ ಸರ್ಕಾರ ನಕ್ಷೆ ಬಿಡಿಸಿಕೊಂಡು ಕೂರುತ್ತದೆ. ನಿಮ್ಮ ವಾರ್ಡಿನಲ್ಲಿ ಸರ್ಕಾರಿ ಶಾಲೆ ಇದೆ, ಅನುದಾನಿತ ಶಾಲೆ ಇದೆ, ಹಾಗಾಗಿ ನೀವು ಕೇಳಿದ ಶಾಲೆ ನಮ್ಮ ಪಟ್ಟಿಯಲ್ಲೇ ಇಲ್ಲ ಎನ್ನುತ್ತದೆ.

ಈ ಪಟ್ಟಿ ಬರಿದಾದದ್ದು 2019ರ ಜನವರಿಯಲ್ಲಿ. ರಾಜ್ಯದ ಶಿಕ್ಷಣ ಹಕ್ಕು ನಿಯಮಗಳ 4ನೇ ನಿಯಮಕ್ಕೆ ಅಂದಿನ ಸಮ್ಮಿಶ್ರ ಸರ್ಕಾರ ತಿದ್ದುಪಡಿ ತಂದು, ನೆರೆಹೊರೆಯಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿದ್ದರೆ ಅಲ್ಲಿನ ಅನುದಾನರಹಿತ ಖಾಸಗಿ ಶಾಲೆ ಬಡ ಮಕ್ಕಳಿಗೆ ಮೀಸಲಾದ ಶೇ 25ರ ಸೀಟು ಕೊಡಬೇಕಾಗಿಲ್ಲ ಎಂದಿತು. ಕರ್ನಾಟಕದಲ್ಲಿ ಸರ್ಕಾರಿ ಶಾಲೆ ಇಲ್ಲದ ಹಳ್ಳಿ ಎಷ್ಟಿದ್ದಾವು? ಅದರ ಹಿಂದಿನ ವರ್ಷ ಆರ್‌ಟಿಇ ಅಡಿ ಸುಮಾರು 1.5 ಲಕ್ಷ ಸೀಟುಗಳಿದ್ದವು. ಮರುವರ್ಷ 20 ಸಾವಿರವೂ ಉಳಿಯಲಿಲ್ಲ. ಜನತಾದಳ ಮತ್ತು ಕಾಂಗ್ರೆಸ್ ಸೇರಿ ತಂದ ನಿಯಮವನ್ನು ಆಮೇಲೆ ಬಂದ ಬಿಜೆಪಿ ಸರ್ಕಾರ ಉಳಿಸಿಕೊಂಡಿತು, 2023ರಲ್ಲಿ ಬಂದ ಕಾಂಗ್ರೆಸ್ ಸರ್ಕಾರವೂ ಉಳಿಸಿಕೊಂಡಿತು. ವಿಧಾನಸಭೆಯಲ್ಲಿ ಒಬ್ಬರ ಮೇಲೊಬ್ಬರು ಎರಗುವ ಮೂರು ಪಕ್ಷಗಳಿಗೂ ಈ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ.

ದೂರದ ಲೆಕ್ಕ ಈ ಕಾಯ್ದೆಯೊಳಗೆ ಯಾಕೆ ಬಂತು ಎಂಬುದನ್ನು ಮರೆತಂತೆ ನಟಿಸಲಾಗುತ್ತಿದೆ. 2009ರ ಕಾಯ್ದೆಯ 6ನೇ ಸೆಕ್ಷನ್ ಹೇಳುವುದು ಸರ್ಕಾರದ ಕರ್ತವ್ಯವನ್ನು. ಅದರಡಿಯ ನಿಯಮಗಳ ಪ್ರಕಾರ ಒಂದರಿಂದ ಐದನೇ ತರಗತಿಯ ಮಗು ನಡೆದು ಹೋಗುವ 1 ಕಿಲೋಮೀಟರಿನೊಳಗೆ, ಆರರಿಂದ ಎಂಟರವರೆಗಿನ ಮಗುವಿಗೆ 3 ಕಿಲೋಮೀಟರಿನೊಳಗೆ ಶಾಲೆ ಇರಬೇಕು, ಇಲ್ಲದಿದ್ದರೆ ಸರ್ಕಾರ ಕಟ್ಟಬೇಕು. ಕಾಡಂಚಿನ ಹಾಡಿಯಲ್ಲಿ, ತೋಟದ ಲೈನ್ ಮನೆಗಳಲ್ಲಿ ಇರುವ ಮಗು ಶಾಲೆ ದೂರ ಎಂಬ ಕಾರಣಕ್ಕೆ ಓದು ಬಿಡಬಾರದೆಂದು ಹಾಕಿದ ಅಳತೆ ಅದು. ಸರ್ಕಾರದ ಹೆಗಲ ಮೇಲಿದ್ದ ಆ ಹೊಣೆಯನ್ನು ಇಳಿಸಿ ಮಗುವಿನ ಸುತ್ತ ಬೇಲಿಯಾಗಿ ನೆಟ್ಟದ್ದು 2019ರ ತಿದ್ದುಪಡಿ.

12ನೇ ಸೆಕ್ಷನ್ನಿನ ಶೇ 25ರ ಸೀಟು ಬೇರೆಯೇ ಉದ್ದೇಶದ್ದು. ಸರ್ಕಾರಿ ಶಾಲೆ ಇಲ್ಲದ ಕಡೆ ಖಾಸಗಿಯವರು ತುಂಬಿಕೊಡಲಿ ಎಂದು ಸಂಸತ್ತು ಅದನ್ನು ಬರೆಯಲಿಲ್ಲ. ಡಾಕ್ಟರ ಮಗಳು, ಗಾರೆ ಕೆಲಸದವರ ಮಗ ಒಂದೇ ಬೆಂಚಿನ ಮೇಲೆ ಕೂತು ಕಲಿಯಲಿ ಎಂದು ಬರೆಯಿತು. 2012ರ ಏಪ್ರಿಲ್ 12ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದು, ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಸರ್ಕಾರಿ ಶಾಲೆಯ ಪಕ್ಕದಲ್ಲಿರುವ ಶಾಲೆಗೆ ವಿನಾಯಿತಿ ಎಂಬ ಮಾತು ಕಾಯ್ದೆಯಲ್ಲಿಲ್ಲ. ಆದರೂ 2019ರ ಮೇ 31ರಂದು ಕರ್ನಾಟಕ ಹೈಕೋರ್ಟ್ ನಮ್ಮ ತಿದ್ದುಪಡಿಯನ್ನು ಸರಿ ಎಂದಿತು. ಸರ್ಕಾರಿ ಶಾಲೆ ಇರುವಾಗ ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸುವುದು ಕಾಯ್ದೆಯ ಆಶಯವಲ್ಲ ಎಂಬುದು ಆ ತೀರ್ಪಿನ ಧಾಟಿ. ಮಹಾರಾಷ್ಟ್ರ ಹೆಚ್ಚುಕಡಿಮೆ ಇದೇ ದಾರಿ ಹಿಡಿದು 2024ರ ಫೆಬ್ರುವರಿಯಲ್ಲಿ ಅಧಿಸೂಚನೆ ಹೊರಡಿಸಿದಾಗ ಬಾಂಬೆ ಹೈಕೋರ್ಟ್ ಅದೇ ವರ್ಷ ಜುಲೈನಲ್ಲಿ ಅದನ್ನು ರದ್ದು ಮಾಡಿತು. ಒಂದೇ ಕಾಯ್ದೆ, ಒಂದೇ ದೇಶ. ನಿಪ್ಪಾಣಿಯ ಆಚೆ ಮಹಾರಾಷ್ಟ್ರದ ಕಾಗಲ್‌ನಲ್ಲಿ ಹುಟ್ಟಿದ ಮಗುವಿಗೆ ಇರುವ ಹಕ್ಕು ನಿಪ್ಪಾಣಿಯ ಮಗುವಿಗೆ ಇಲ್ಲ.

ದುಡ್ಡಿರುವವರ ಮಕ್ಕಳಿಗೆ ಇದೇ ದೂರದ ಲೆಕ್ಕ ಅಡ್ಡ ಬಂದಾಗ ಏನಾಯಿತು ಎಂಬುದನ್ನೂ ನೋಡಬೇಕು. ದೆಹಲಿಯ ಖಾಸಗಿ ಶಾಲೆಗಳ ನರ್ಸರಿ ದಾಖಲಾತಿಗೆ 2013ರ ಡಿಸೆಂಬರಿನಲ್ಲಿ ಲೆಫ್ಟಿನೆಂಟ್ ಗವರ್ನರ್ ಮಾರ್ಗಸೂಚಿ ತಂದು, 100 ಅಂಕಗಳಲ್ಲಿ 70 ಅಂಕವನ್ನು ಶಾಲೆಯ ಹತ್ತಿರ ಮನೆ ಇರುವ ಮಕ್ಕಳಿಗೆ ಮೀಸಲಿಟ್ಟರು. ಶಾಲೆಗಳು, ಪೋಷಕರು ನ್ಯಾಯಾಲಯಕ್ಕೆ ಹೋದರು. ಮರುವರ್ಷ ನವೆಂಬರಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ತೆಗೆದುಹಾಕಿ, ಮನೆಯ ವಿಳಾಸದ ಮೇಲೆ ಮಗುವಿನ ಶಾಲೆಯನ್ನು ಗೊತ್ತುಮಾಡಲಾಗದು, ಆಯ್ಕೆ ತಂದೆತಾಯಿಯದು ಎಂಬ ನಿಲುವು ತಳೆಯಿತು. 2014ರ ಮೇ 6ರಂದು ಕಲಿಕೆಯ ಮಾಧ್ಯಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನಮ್ಮ ರಾಜ್ಯಕ್ಕೇ ಹೇಳಿದ್ದೂ ಇದನ್ನೇ: ಪ್ರಾಥಮಿಕ ಹಂತದಲ್ಲಿ ಯಾವ ಭಾಷೆಯಲ್ಲಿ ಓದಿಸಬೇಕೆಂಬ ಆಯ್ಕೆ ಮಗುವಿನದು, ಮಗುವಿನ ಪರವಾಗಿ ಪೋಷಕರದು, ಸರ್ಕಾರ ಹೇರಬಾರದು. ಆ ತೀರ್ಪಿನಿಂದ ಕನ್ನಡಕ್ಕಾದ ನಷ್ಟದ ಬಗ್ಗೆ ನನಗೆ ಇಂದಿಗೂ ಸಂಕಟವಿದೆ. ಆದರೆ ಆಯ್ಕೆಯನ್ನು ಹಕ್ಕು ಎಂದು ಒಪ್ಪಿದ ಮೇಲೆ ಅದನ್ನು ಶುಲ್ಕ ಕಟ್ಟುವವರಿಗೆ ಕೊಟ್ಟು, ಕಟ್ಟಲಾರದವರಿಂದ ಕಿತ್ತುಕೊಳ್ಳುವುದು ಯಾವ ನ್ಯಾಯ?

ತಿದ್ದುಪಡಿಯನ್ನು ಸಮರ್ಥಿಸುವವರಲ್ಲಿ ನಾನು ಗೌರವಿಸುವ ಅನೇಕರಿದ್ದಾರೆ. ಸರ್ಕಾರಿ ಶಾಲೆಗಾಗಿ ಬದುಕನ್ನೇ ಸವೆಸಿದವರು, ಎಸ್‌ಡಿಎಂಸಿಗಳನ್ನು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು) ಕಟ್ಟಿದವರು. ಆರ್‌ಟಿಇ ಸೀಟು ಸರ್ಕಾರಿ ಶಾಲೆಗಳನ್ನು ಖಾಲಿ ಮಾಡುತ್ತಿದೆ, ನಮ್ಮ ತೆರಿಗೆ ಹಣ ಖಾಸಗಿಯವರ ಜೇಬಿಗೆ ಹೋಗುತ್ತಿದೆ ಎಂಬುದು ಅವರ ವಾದ. ಹಣದ ಮಾತಿಗೆ ಕಾಯ್ದೆಯಲ್ಲೇ ಉತ್ತರವಿದೆ: ಸರ್ಕಾರ ತನ್ನ ಶಾಲೆಯಲ್ಲಿ ಒಂದು ಮಗುವಿಗೆ ಎಷ್ಟು ಖರ್ಚು ಮಾಡುತ್ತದೋ ಅದು, ಅಥವಾ ಆ ಶಾಲೆಯ ನಿಜವಾದ ಶುಲ್ಕ, ಎರಡರಲ್ಲಿ ಕಡಿಮೆ ಯಾವುದೋ ಅಷ್ಟನ್ನೇ ಮರುಪಾವತಿ ಮಾಡಬೇಕು. ಕರ್ನಾಟಕ ಒಂದನೇ ತರಗತಿಯ ಮಗುವಿಗೆ ವರ್ಷಕ್ಕೆ ಕೊಡುತ್ತಿದ್ದದ್ದು ಗರಿಷ್ಠ 16 ಸಾವಿರ ರೂಪಾಯಿ. ಸುಳ್ಳು ಆದಾಯ ಪ್ರಮಾಣಪತ್ರ, ಸೀಟಿಗಾಗಿ ಬದಲಿಸಿದ ಆಧಾರ್ ವಿಳಾಸ ಇವೆಲ್ಲ ಇದ್ದದ್ದು ನಿಜ. ಅದಕ್ಕೆ ಮದ್ದು ತಪಾಸಣೆ.

ಶಾಲೆ ಖಾಲಿಯಾಗುವ ಮಾತು ಇದಕ್ಕಿಂತ ಗಂಭೀರವಾದದ್ದು. ಸರ್ಕಾರಿ ಶಾಲೆ ಬಿಟ್ಟು ಹೋಗುವ ಮಕ್ಕಳಲ್ಲಿ ದೊಡ್ಡ ಪಾಲು ಆರ್‌ಟಿಇ ಮಕ್ಕಳದಲ್ಲ, ಸಾಲ ಮಾಡಿ ಶುಲ್ಕ ಕಟ್ಟುವವರದು. ಐದು ತರಗತಿಗೆ ಇಬ್ಬರೇ ಶಿಕ್ಷಕರು, ಅವರಲ್ಲೊಬ್ಬರು ಬಿಸಿಯೂಟದ ಲೆಕ್ಕ, ಚುನಾವಣೆ, ಗಣತಿ ಎಂದು ಓಡಾಡುತ್ತಿರುತ್ತಾರೆ. ಜೂನ್‌ನಲ್ಲಿ ಶಾಲೆ ಶುರುವಾದರೂ ಅತಿಥಿ ಶಿಕ್ಷಕರ ನೇಮಕದ ಆದೇಶಕ್ಕೆ ಕಾಯಬೇಕು. ತಾಯಂದಿರು ಇದನ್ನೆಲ್ಲ ಕಣ್ಣಾರೆ ನೋಡಿಯೇ ತೀರ್ಮಾನಕ್ಕೆ ಬರುತ್ತಾರೆ. ಕೋವಿಡ್ ಕಾಲದಲ್ಲಿ ದುಡಿಮೆ ನಿಂತಾಗ ಎಷ್ಟೋ ಮಕ್ಕಳು ಸರ್ಕಾರಿ ಶಾಲೆಗೆ ಬಂದರು. ಅವರನ್ನು ಉಳಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ, ನಾವು ಉಳಿಸಿಕೊಳ್ಳಲಿಲ್ಲ. ಶಿಕ್ಷಕರನ್ನು ಕೊಡದೆ, ಬಾಗಿಲು ಮುಚ್ಚಿ ಮಕ್ಕಳನ್ನು ಒಳಗೆ ಇಟ್ಟುಕೊಂಡರೆ ಶಾಲೆ ಬಲವಾಗುವುದಿಲ್ಲ. ಇನ್ನು ಹತ್ತು ವರ್ಷದಲ್ಲಿ ಶಾಲೆ ಸುಧಾರಿಸಬಹುದು, ಆದರೆ ಈ ವರ್ಷ ಆರು ತುಂಬಿದ ಮಗುವಿಗೆ ಮತ್ತೆ ಆರು ತುಂಬುವುದಿಲ್ಲ.

ನೆರೆಹೊರೆಯ ಶಾಲೆ ಎಂಬ ತತ್ತ್ವವನ್ನು ನಾನು ವಿರೋಧಿಸುತ್ತಿಲ್ಲ. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಅದನ್ನು ಶಿಫಾರಸು ಮಾಡಿದಾಗ ಒಂದು ಷರತ್ತು ಸ್ಪಷ್ಟವಾಗಿತ್ತು: ಜಾತಿ, ಧರ್ಮ, ಹಣ, ಅಂತಸ್ತು ನೋಡದೆ ಆ ಪ್ರದೇಶದ ಎಲ್ಲ ಮಕ್ಕಳೂ ಅದೇ ಶಾಲೆಗೆ ಬರಬೇಕು. ಶಾಸಕರ ಮಗು, ತಹಶೀಲ್ದಾರರ ಮಗು, ಶಾಲೆಯ ಮೇಷ್ಟ್ರ ಮಗು ಎಲ್ಲರೂ. 2015ರ ಆಗಸ್ಟಿನಲ್ಲಿ ಅಲಹಾಬಾದ್ ಹೈಕೋರ್ಟ್ ಉತ್ತರ ಪ್ರದೇಶದ ಸರ್ಕಾರಿ ನೌಕರರು, ಜನಪ್ರತಿನಿಧಿಗಳು ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸುವಂತೆ ಮಾಡಬೇಕು ಎಂದು ಆದೇಶಿಸಿತ್ತು. ಅದು ಜಾರಿಗೆ ಬರಲೇ ಇಲ್ಲ. ಅಂಥ ನಿಯಮವನ್ನು ಕರ್ನಾಟಕ ತರುವುದಾದರೆ ಈ ಲೇಖನವನ್ನು ಹಿಂದಕ್ಕೆ ಪಡೆದು, ಆ ಹೋರಾಟದ ಮುಂದಿನ ಸಾಲಿನಲ್ಲಿ ನಿಲ್ಲುತ್ತೇನೆ. ಕೊಠಾರಿ ಹೇಳಿದ್ದರ ಅರ್ಧವನ್ನು ಮಾತ್ರ, ಅದೂ ಬಡವರ ಮೇಲೆ ಬೀಳುವ ಅರ್ಧವನ್ನು ಎತ್ತಿಕೊಂಡು ಅದನ್ನು ಸಮಾನತೆ ಎಂದು ಕರೆಯುವುದನ್ನು ಒಪ್ಪಲಾರೆ.

ಸರ್ಕಾರಕ್ಕಾದರೂ ತನ್ನ ದೂರದ ಲೆಕ್ಕದಲ್ಲಿ ನಂಬಿಕೆ ಇದೆಯೇ? ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಮ್ಯಾಗ್ನೆಟ್ ಶಾಲೆಗಳಾಗಿ ಬೆಳೆಸಿ, ಸುತ್ತಲಿನ ಸಣ್ಣ ಶಾಲೆಗಳ ಮಕ್ಕಳನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆತರುವ ಮಾತು 2025ರಲ್ಲಿ ಜೋರಾಯಿತು. ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ಸರ್ಕಾರ ಹೇಳುತ್ತಿದೆ, ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನ ಸುತ್ತಲಿನ ಶಾಲೆಗಳ ವಿಲೀನವನ್ನು ಮುಂದಿಟ್ಟು ವಿದ್ಯಾರ್ಥಿ ಸಂಘಟನೆಗಳು, ಪೋಷಕರು ಅದನ್ನು ನಂಬಲಾಗದು ಎನ್ನುತ್ತಿದ್ದಾರೆ. ಆ ಜಗಳದಲ್ಲಿ ಯಾರು ಸರಿ ಎಂಬುದು ಬೇರೆ ಚರ್ಚೆ. ನನಗೆ ಕಾಣುವುದು ಇಷ್ಟು: ಇಲಾಖೆಗೆ ಅನುಕೂಲವಾದರೆ ಮಗು ಊರು ದಾಟಿ ಬಸ್ಸಿನಲ್ಲಿ ಹೋಗಬಹುದು, ತಾಯಿಯೊಬ್ಬಳು ತಾನಾಗಿ ಬಯಸಿ ಅರ್ಜಿ ಹಾಕಿದರೆ ಪಕ್ಕದ ಬೀದಿಗೂ ಹೋಗುವಂತಿಲ್ಲ.

ಶಿಕ್ಷಣ ಇಲಾಖೆ ಮುಂದಿನ ದಾಖಲಾತಿ ಅಧಿಸೂಚನೆ ಹೊರಡಿಸುವ ಮೊದಲು 4ನೇ ನಿಯಮದ ತಿದ್ದುಪಡಿಯನ್ನು ಹಿಂಪಡೆಯಬೇಕು. ಇದಕ್ಕೆ ವಿಧೇಯಕ ಬೇಕಿಲ್ಲ, ಸದನದ ಒಪ್ಪಿಗೆಗೆ ಕಾಯಬೇಕಿಲ್ಲ. ತಿದ್ದುಪಡಿಯನ್ನು ತಂದದ್ದು ಅಧಿಸೂಚನೆಯಿಂದ, ತೆಗೆಯುವುದೂ ಅಧಿಸೂಚನೆಯಿಂದಲೇ ಸಾಧ್ಯ. ನೆರೆಹೊರೆಯನ್ನು ವಾರ್ಡಿನ ಗೆರೆಯಿಂದ ಅಳೆಯುವುದನ್ನು ಬಿಟ್ಟು ಮಗು ದಿನವೂ ಹೋಗಿ ಬರಬಲ್ಲ ದೂರದಿಂದ ಅಳೆಯಬೇಕು. ಕರ್ನಾಟಕ ಪಬ್ಲಿಕ್ ಶಾಲೆಗಳಿಗೆ ಯಾವ ಊರಿನ ಮಗುವಾದರೂ ಅರ್ಜಿ ಹಾಕುವಂತಿರಬೇಕು, ಸೀಟು ಸಿಕ್ಕ ಮಗುವಿಗೆ ಬಸ್ಸನ್ನು ಸರ್ಕಾರವೇ ಕೊಡಬೇಕು. ನಿಮ್ಮ ಕ್ಷೇತ್ರದ ಶಾಸಕರು ಮತ ಕೇಳಲು ಬಂದಾಗ, ಅವರ ಮಕ್ಕಳು ಓದಿದ ಶಾಲೆ ಅವರ ವಾರ್ಡಿನಲ್ಲೇ ಇತ್ತೇ ಎಂದು ದಯವಿಟ್ಟು ಕೇಳಿ.