ಎಡಗಾಲಿಗೂ ಒಂದು ಪೆಡಲ್ ಇರಲಿ

ಗಣಪತಿ ಹಬ್ಬದಿಂದ ರಾಜ್ಯೋತ್ಸವ ಮುಗಿಯುವವರೆಗೆ ನಮ್ಮ ಕಡೆ ರಸಮಂಜರಿಯ ಸುಗ್ಗಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಆರ್ಕೆಸ್ಟ್ರಾಗಳಿಗೆ ಡ್ರಮ್ಸ್ ನುಡಿಸುವ ಹುಡುಗರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ‘ಅಣ್ಣ, ಡಬಲ್ ಪೆಡಲ್ ಹಾಕ್ಕೊಳ್ಲಾ?’ ಹಾಕಿಕೊಳ್ಳಿ ಎನ್ನುವವನು ನಾನು. ಬೇಡ ಎನ್ನುವವರು ನನಗಿಂತ ಹೆಚ್ಚು ಜನ ಇದ್ದಾರೆ. ಅವರಲ್ಲಿ ಹಿರಿಯ ವಾದಕರಿದ್ದಾರೆ, ಮೈಕ್‌ಸೆಟ್ಟಿನವರಿದ್ದಾರೆ, ಹಬ್ಬದ ಕಮಿಟಿಯವರಿದ್ದಾರೆ, ನಮ್ಮ ಜಾನಪದ ಉಳಿಯಬೇಕೆಂದು ನಿಜವಾಗಿ ಕೊರಗುವವರೂ ಇದ್ದಾರೆ. ಅವರ ಆಕ್ಷೇಪಗಳನ್ನು ಕೇಳಿಸಿಕೊಂಡೂ ಸುಮ್ಮನಿದ್ದರೆ ಹುಡುಗರಿಗೆ ದ್ರೋಹ ಮಾಡಿದಂತಾಗುತ್ತದೆ. ಅದಕ್ಕೇ ಈ ಉತ್ತರ.

ಡ್ರಮ್ಸ್ ಪರಿಚಯವಿಲ್ಲದವರಿಗೆ ಮೊದಲು ಈ ಸಾಮಾನಿನ ಬಗ್ಗೆ ಎರಡು ಮಾತು. ಸೆಟ್ಟಿನಲ್ಲಿ ನೆಲದ ಮೇಲೆ ಅಡ್ಡ ಕೂರುವ ದೊಡ್ಡ ಬೇಸ್ ಡ್ರಮ್ಮನ್ನು ಬಲಗಾಲಿನ ಪೆಡಲ್ ತುಳಿದು ಬಾರಿಸುತ್ತೇವೆ. ಎಡಗಾಲು ಹೈಹ್ಯಾಟ್ ಎಂಬ ಜೋಡಿ ತಾಳವನ್ನು ಮುಚ್ಚಿ ತೆರೆಯುತ್ತಿರುತ್ತದೆ. ಡಬಲ್ ಪೆಡಲ್ ಹಾಕಿದರೆ ಅದೇ ಒಂದು ಬೇಸ್ ಡ್ರಮ್ಮಿಗೆ ಎರಡು ಬೀಟರ್ ಸಿಗುತ್ತವೆ. ಎಡಗಾಲಿನ ಪೆಡಲ್ ಹೈಹ್ಯಾಟಿನ ಪಕ್ಕದಲ್ಲಿರುತ್ತದೆ, ಅದನ್ನು ತುಳಿದರೆ ನಡುವಿನ ಸರಳು ತಿರುಗಿ ಎರಡನೇ ಬೀಟರ್ ಬಡಿಯುತ್ತದೆ. ಕಾಲಿನ ಪೆಡಲನ್ನು ಅಮೆರಿಕದ ಲುಡ್ವಿಗ್ ಸೋದರರು ಮಾರುಕಟ್ಟೆಗೆ ತಂದದ್ದು 1909ರಲ್ಲಿ. ಎರಡು ಬೇಸ್ ಡ್ರಮ್ ಇರುವ ಸೆಟ್ಟಿನ ಚಿತ್ರ ಬರೆದದ್ದು 1938ರ ಸುಮಾರಿಗೆ ಶಾಲೆಯಲ್ಲಿ ಓದುತ್ತಿದ್ದ ಲೂಯಿ ಬೆಲ್ಸನ್ ಎಂಬ ಹುಡುಗ. ಮುಂದೆ ಆತ ಡ್ಯೂಕ್ ಎಲಿಂಗ್ಟನ್ನರ ಜಾಝ್ ತಂಡದಲ್ಲಿ ಅದನ್ನೇ ನುಡಿಸಿದ. ಎರಡು ಬೇಸ್ ಡ್ರಮ್ ಹೊರುವ ಕಷ್ಟ ತಪ್ಪಿಸಿದ ಡಬಲ್ ಪೆಡಲ್‌ಗಳಲ್ಲಿ ಹೆಸರು ಮಾಡಿದ್ದು ಡ್ರಮ್ ವರ್ಕ್‌ಶಾಪ್ ಕಂಪನಿಯ 5002, ಅದು ಬಂದದ್ದು 1983ರಲ್ಲಿ.

ಹಿರಿಯ ವಾದಕರ ಆಕ್ಷೇಪವನ್ನು ಮೊದಲು ತೆಗೆದುಕೊಳ್ಳುತ್ತೇನೆ. ‘ಒಂದು ಕಾಲಲ್ಲಿ ನೆಟ್ಟಗೆ ಬಾರ್ಸಕ್ಕಾಗದೋನು ಎರಡು ಕಾಲಲ್ಲಿ ಏನ್ ಬಾರ್ಸ್ತಾನೆ ಕಣ್ಲಾ?’ ಎಂದು ಅವರು ಕೇಳುತ್ತಾರೆ. ಜೊತೆಗೆ ಐರನ್ ಮೇಡನ್ ತಂಡದ ನಿಕೋ ಮೆಕ್‌ಬ್ರೈನ್ ಹೆಸರು ಎತ್ತುತ್ತಾರೆ. ಆ ತಂಡ 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ಮೆಕ್‌ಬ್ರೈನ್ ಒಂಟಿ ಪೆಡಲಿನಲ್ಲೇ ಜಗತ್ತನ್ನು ಬೆರಗುಗೊಳಿಸಿದವರು ಎಂಬುದು ಸತ್ಯ. ಆದರೆ ಅದೇ ಮೆಕ್‌ಬ್ರೈನ್ 2003ರ ‘ಡ್ಯಾನ್ಸ್ ಆಫ್ ಡೆತ್’ ಆಲ್ಬಮ್ಮಿನ ‘ಫೇಸ್ ಇನ್ ದ ಸ್ಯಾಂಡ್’ ಹಾಡಿಗೆ ಡಬಲ್ ಪೆಡಲ್ ಹಾಕಿದರು. ಹಾಡು ಕೇಳಿತು, ಹಾಕಿದರು. ಮತ್ತೆ ಅದೇ ಅರಮನೆ ಮೈದಾನದಲ್ಲಿ 2011ರ ಅಕ್ಟೋಬರ್ 30ರಂದು ಮೆಟಾಲಿಕಾ ತಂಡದ ಲಾರ್ಸ್ ಉಲ್ರಿಚ್ ಎರಡೂ ಕಾಲಿನಿಂದ ಬಾರಿಸಿದ್ದನ್ನು ನಮ್ಮ ರಾಜ್ಯದ ಮೂಲೆಮೂಲೆಯಿಂದ ಹೋದ ಹುಡುಗರು ಕಂಡಿದ್ದಾರೆ. ಎರಡು ಬಗೆಯ ವಾದಕರಿಗೂ ಅಲ್ಲಿ ಜಾಗವಿತ್ತು.

ಹಿರಿಯರ ಮಾತಿನಲ್ಲಿ ಒಂದು ಅರ್ಧವನ್ನು ನಾನು ಒಪ್ಪುತ್ತೇನೆ. ಬಲಗಾಲು ಪಳಗದೆ ಡಬಲ್ ಪೆಡಲ್ ಕೊಂಡವನ ಕಾಲು ಎರಡೂ ಕಡೆ ತಡವರಿಸುತ್ತದೆ. ಎಡಗಾಲಿನ ಬೀಟರ್ ಸರಳಿನ ಮೂಲಕ ಬರುವುದರಿಂದ ತುಳಿತ ಕೊಂಚ ಭಾರ, ಏಟು ಕೊಂಚ ಮಂದ. ಎಡಗಾಲು ಹೈಹ್ಯಾಟ್ ಬಿಟ್ಟು ಬಂದ ಕೂಡಲೇ ತಾಳ ಹಿಡಿಯುತ್ತಿದ್ದ ಕಾಲೇ ಕೈಬಿಟ್ಟಂತಾಗಿ ಹುಡುಗರು ಓಡತೊಡಗುತ್ತಾರೆ. ನನ್ನ ಬಳಿ ಕಲಿಯುವವರಿಗೆ ಮೊದಲ ವರ್ಷ ಡಬಲ್ ಪೆಡಲ್ ಮುಟ್ಟಿಸುವುದಿಲ್ಲ. ಆಮೇಲೂ ಮೊದಲು ಎಡಗಾಲೊಂದರಲ್ಲೇ ಮುಖ್ಯ ಪೆಡಲ್ ತುಳಿಸುತ್ತೇನೆ. ಬಲಗಾಲು ನುಡಿಸಿದ್ದನ್ನು ಎಡಗಾಲು ಅಷ್ಟೇ ಸದ್ದಿನಲ್ಲಿ ನುಡಿಸಬೇಕು. ಹೀಗೆ ಪಳಗಿದವನಿಗೂ ಬೇಡ ಎನ್ನುವುದಕ್ಕೆ ಏನು ಕಾರಣ ಎಂದು ಕೇಳಿದರೆ ಹಿರಿಯರಿಂದ ಉತ್ತರ ಬರುವುದಿಲ್ಲ.

ಇನ್ನು ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ: ‘ಇದು ಪರದೇಶದ್ದು. ನಮ್ಮ ತಮಟೆ, ನಗಾರಿಯ ಗತ್ತನ್ನು ಇದು ನುಂಗಿಹಾಕುತ್ತದೆ.’

ಪರದೇಶದ್ದು ಎಂಬ ಮಾತಿಗೆ ಮೈಸೂರು ಸೀಮೆಯಲ್ಲಿ ಕೂತು ಉತ್ತರ ಕೊಡುವುದು ಸುಲಭ. ತಿರುಮಕೂಡಲು ಚೌಡಯ್ಯನವರ ಕೈಯಲ್ಲಿದ್ದ ಪಿಟೀಲು ಯೂರೋಪಿನಿಂದ ಬಂದದ್ದೇ. ಸಭೆಯ ಕೊನೆಯ ಸಾಲಿಗೂ ನಾದ ತಲುಪಬೇಕೆಂದು ಅವರು ಅದರ ನಾಲ್ಕು ತಂತಿಗಳನ್ನು ಏಳಾಗಿಸಿದರು. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡ್ ಕೇಳಿ. ಡ್ರಮ್ ಸೆಟ್ಟು, ಕೀಬೋರ್ಡು, ಗಿಟಾರ್ ಎಲ್ಲವನ್ನೂ ವೇದಿಕೆಗೆ ಬಿಟ್ಟುಕೊಂಡು ಎರಡನೇ ಪೆಡಲ್ ಬಂದಾಗ ಮಾತ್ರ ಪರದೇಶ ನೆನಪಾಗುವುದು ನ್ಯಾಯವಲ್ಲ.

ಗತ್ತನ್ನು ನುಂಗುತ್ತದೆ ಎಂಬ ಮಾತನ್ನು ಮಾತ್ರ ಇಷ್ಟು ಬೇಗ ಮುಗಿಸಲಾಗದು. ನನ್ನ ಅನುಭವ ಅದಕ್ಕೆ ತೀರಾ ವಿರುದ್ಧವಾಗಿದೆ. ನಮ್ಮಲ್ಲಿ ಪೂಜಾ ಕುಣಿತ ಹೊರಟರೆ ತಮಟೆ ಮುಂದಿರುತ್ತದೆ. ತಮಟೆಯವನ ಬಲಗೈಯಲ್ಲಿ ದಪ್ಪ ಗಿಡ್ಡ ಕೋಲು, ಎಡಗೈಯಲ್ಲಿ ತೆಳ್ಳಗಿನ ಉದ್ದ ಕಡ್ಡಿ. ಎರಡೂ ಸೇರಿದರೇ ಗತ್ತು. ನಗಾರಿಯವನೂ ಎರಡು ಕೋಲಿನಿಂದಲೇ ಕೆಳದನಿಯನ್ನು ತುಂಬುತ್ತಾನೆ. ಅಂದರೆ ಆ ಮೇಳದಲ್ಲಿ ಕನಿಷ್ಠ ನಾಲ್ಕು ಕೈ ದುಡಿಯುತ್ತಿವೆ. ಅದೇ ಗತ್ತನ್ನು ವೇದಿಕೆಯ ಮೇಲೆ ಒಬ್ಬ ಡ್ರಮ್ಸಿನವನು ತರಬೇಕು. ಅವನ ಎರಡು ಕೈ ತಮಟೆಯ ಮಾತನ್ನು ಸ್ನೇರ್, ಟಾಮ್ ಎಂಬ ಡ್ರಮ್ಮುಗಳ ಮೇಲೆ ನುಡಿಸುತ್ತವೆ. ನಗಾರಿಗೆ ಉಳಿದದ್ದು ಒಂದು ಕಾಲು.

ಲೆಕ್ಕ ಹಾಕಿ ನೋಡಿ. ಕುಣಿತದ ಬಿರುಸು ಏರಿ ಮೂರೆಣಿಕೆಯ ನಡೆ ನಿಮಿಷಕ್ಕೆ 130 ಹೆಜ್ಜೆಗೆ ಬಂತೆನ್ನಿ. ಹೆಜ್ಜೆಗೆ ಮೂರು ಏಟಿನಂತೆ ನಿಮಿಷಕ್ಕೆ 390 ಏಟು, ಸೆಕೆಂಡಿಗೆ ಆರೂವರೆ. ಒಂದೇ ಕಾಲು ಅದನ್ನು ಹಾಡಿನ ಪೂರ್ತಿ ಒಂದೇ ಸಮ ತುಳಿಯುವುದು ಕೆಲವೇ ಕೆಲವರಿಗೆ ಸಾಧ್ಯ. ಉಳಿದವರು ಮಾಡುವುದೇನು? ಮೂರರಲ್ಲಿ ನಡುವಿನ ಏಟನ್ನು ಬಿಟ್ಟುಬಿಡುತ್ತಾರೆ. ನಮ್ಮ ವೇದಿಕೆಗಳಲ್ಲಿ ಜಾನಪದ ಗೀತೆ ಶುರುವಾದಾಗ ಎಲ್ಲ ಊರಿನ ಗತ್ತೂ ಒಂದೇ ಥರ ಕೇಳಿಸುತ್ತದಲ್ಲ, ಈ ಬಿಟ್ಟುಹೋದ ಏಟೇ ಅದಕ್ಕೆ ದೊಡ್ಡ ಕಾರಣ. ಎರಡು ಕಾಲು ಹಂಚಿಕೊಂಡರೆ ತಲಾ 195 ಏಟು. ಅಭ್ಯಾಸವಿದ್ದವನು ಸಲೀಸಾಗಿ ನುಡಿಸಬಲ್ಲ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ, ಡ್ರಮ್ಸ್ ಕಲಿಯುವವರು ಇದನ್ನು ಗಮನವಿಟ್ಟು ಓದಬೇಕು. ಮೂರೆಣಿಕೆಯನ್ನು ಎರಡು ಕಾಲಿನಿಂದ ನುಡಿಸಿದಾಗ ಮೊದಲ ಹೆಜ್ಜೆ ಬಲ-ಎಡ-ಬಲ ಆದರೆ ಮುಂದಿನದು ಎಡ-ಬಲ-ಎಡ. ಒಂದು ಬಿಟ್ಟು ಒಂದು ಹೆಜ್ಜೆಗೆ ಒತ್ತು ಎಡಗಾಲಿನ ಮೇಲೆ ಬೀಳುತ್ತದೆ. ಎಡಗಾಲು ಸೊರಗಿದ್ದರೆ ಗತ್ತು ಕುಂಟುತ್ತದೆ, ಕುಣಿಯುವವರಿಗೆ ತಕ್ಷಣ ಗೊತ್ತಾಗುತ್ತದೆ. ತಮಟೆಯವರ ಎಡಗೈ ಕಡ್ಡಿಯ ಕೆಲಸವನ್ನು ಹತ್ತಿರ ನಿಂತು ನೋಡಿದವನಿಗೆ ಈ ಪಾಠ ಬೇಗ ಹತ್ತುತ್ತದೆ. ನನ್ನ ಹುಡುಗರನ್ನು ನಾನು ವಿಡಿಯೊ ನೋಡುವುದಕ್ಕಿಂತ ಮುಂಚೆ ತಮಟೆಯವರ ಬಳಿ ಕಳಿಸುವುದು ಇದಕ್ಕಾಗಿ.

ತಮಟೆ ಮತ್ತು ನಗಾರಿಯವರ ಕೆಲಸ ಕಿತ್ತುಕೊಂಡದ್ದು ಪೆಡಲ್ ಅಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೆರವಣಿಗೆಯಲ್ಲಿ ಅವರ ಜಾಗಕ್ಕೆ ಡಿ.ಜೆ. ಲಾರಿ ಬಂತು. ದೇವರ ಮುಂದೆ ತಮಟೆ ಬೇಕು, ಬಾರಿಸುವವನು ಮಾತ್ರ ಜಗಲಿಯ ಕೆಳಗಿರಬೇಕು ಎಂಬ ನಡವಳಿಕೆ ಎಷ್ಟೋ ಮನೆಯ ಮಕ್ಕಳನ್ನು ಆ ವಾದ್ಯದಿಂದ ದೂರ ಮಾಡಿತು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ವಾದಕ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಸಂಭ್ರಮಿಸಿದೆವು, ಸರಿಯೇ. ಆದರೆ ನಮ್ಮೂರಿನ ತಮಟೆಯವರಿಗೆ ಕೊಡುವ ಸಂಭಾವನೆಯ ಮಾತು ಬಂದಾಗ ಅದೇ ಸಂಭ್ರಮ ಕಾಣುವುದಿಲ್ಲ. ಜಾನಪದದ ಕಾಳಜಿ ಅಲ್ಲಿಂದ ಶುರುವಾದರೆ ನಾನು ಕೈಮುಗಿದು ಜೊತೆಗೆ ನಿಲ್ಲುತ್ತೇನೆ.

ಮೈಕ್‌ಸೆಟ್ಟಿನವರು, ಕಮಿಟಿಯವರು ಹೇಳುವುದು ಸದ್ದಿನ ವಿಷಯ: ‘ಎರಡು ಪೆಡಲ್ ಅಂದ್ರೆ ಎರಡು ಪಟ್ಟು ಸದ್ದು. ವಯಸ್ಸಾದವರ ಎದೆ ನಡುಗುತ್ತೆ.’ ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಎರಡು ಬೀಟರ್ ಒಟ್ಟಿಗೆ ಬಡಿಯುವುದಿಲ್ಲ, ಒಂದರ ನಂತರ ಒಂದು ಬಡಿಯುತ್ತವೆ. ಒಂದು ಏಟಿನ ಜೋರನ್ನು ತೀರ್ಮಾನಿಸುವುದು ಕಾಲಿನ ಬಲ ಮತ್ತು ಮಿಕ್ಸರಿನಲ್ಲಿ ಕೂತವನ ಬೆರಳು. ಎದೆ ನಡುಗಿಸುವುದು ಆಳೆತ್ತರದ ಸಬ್ ಬಾಕ್ಸ್‌ಗಳು. ನಿಜವಾದ ತೊಂದರೆ ಬೇರೆ: ಏಟುಗಳು ಹತ್ತಿರ ಹತ್ತಿರ ಬಂದಾಗ ಒಂದರ ಗುಂಯ್‌ಗುಡುವಿಕೆ ಇನ್ನೊಂದರ ಮೇಲೆ ಬಿದ್ದು ಎಲ್ಲ ಕಲಸಿಹೋಗುತ್ತದೆ. ಅದಕ್ಕೆ ಮದ್ದು ಡ್ರಮ್ಮಿನೊಳಗೆ ಚರ್ಮಕ್ಕೆ ತಾಗುವಂತೆ ಒಂದು ದಿಂಬು ಇಡುವುದು, ಸಬ್ ಇಳಿಸುವುದು, ಬೀಟರಿನ ಏಟಿನ ‘ಟಕ್’ ಕೇಳುವಂತೆ ಮೈಕನ್ನು ಒಳಕ್ಕೆ ಸರಿಸುವುದು. ಹೀಗೆ ಮಾಡಿದರೆ ಒಟ್ಟು ಸದ್ದು ಮೊದಲಿಗಿಂತ ತಗ್ಗುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ, ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಇದನ್ನು ಪಾಲಿಸೋಣ, ರಂಗನತಿಟ್ಟು ಪಕ್ಷಿಧಾಮದ ಆಸುಪಾಸಿನ ಊರುಗಳಲ್ಲಂತೂ ನಿಯಮಕ್ಕಿಂತ ಹೆಚ್ಚೇ ತಗ್ಗಿಸೋಣ. ಪೆಡಲ್ ಒಂದಿರಲಿ ಎರಡಿರಲಿ, ಈ ನಿಯಮ ಒಂದೇ.

‘ಪ್ಯಾಡ್ ಇದೆಯಲ್ಲ, ಅದರಲ್ಲೇ ನಗಾರಿ ಟೋನ್ ಹಾಕ್ಕೊಂಡ್ರಾಯ್ತು’ ಎನ್ನುವವರಿಗೂ ಒಂದು ಮಾತು. 1985ರಲ್ಲಿ ರೋಲ್ಯಾಂಡ್ ಕಂಪನಿಯ ಆಕ್ಟಪ್ಯಾಡ್ ಎಂಬ ಎಲೆಕ್ಟ್ರಾನಿಕ್ ಪ್ಯಾಡ್ ಬಂದ ಮೇಲೆ ಸಣ್ಣ ಆರ್ಕೆಸ್ಟ್ರಾಗಳು ಬದುಕಿದ್ದು ಅದರಿಂದಲೇ, ಅದಕ್ಕೆ ನಾನು ಋಣಿ. ಆದರೆ ಪ್ಯಾಡ್ ಬಾರಿಸಲೂ ಕೈಯೇ ಬೇಕು, ಕೈ ಎರಡೂ ತಮಟೆಯ ಗತ್ತಿನಲ್ಲಿ ತೊಡಗಿವೆ. ಕರೆಂಟ್ ಹೋದರೆ ಪ್ಯಾಡ್ ಮೂಕವಾಗುತ್ತದೆ; ಬೇಸ್ ಡ್ರಮ್ ನುಡಿಯುತ್ತಲೇ ಇರುತ್ತದೆ.

ಖರ್ಚಿನ ಆಕ್ಷೇಪ ನಿಜ, ಅದನ್ನು ಅಲ್ಲಗಳೆಯಲಾರೆ. ಹಬ್ಬದ ದಿನಗಳ ದುಡಿಮೆ ನಂಬಿದ ಹುಡುಗನಿಗೆ ಡಬಲ್ ಪೆಡಲಿನ ಬೆಲೆ ದೊಡ್ಡ ಮೊತ್ತ. ಸಾಲ ಮಾಡಿ ಕೊಳ್ಳಬೇಡಿ. ಇಬ್ಬರು ಮೂವರು ಸೇರಿ ಒಂದು ಕೊಳ್ಳಿ, ಹಳೆಯದು ಸಿಕ್ಕರೆ ಸರಳಿನ ಕೀಲುಗಳು ಸಡಿಲವಾಗಿಲ್ಲವೇ ನೋಡಿ ಕೊಳ್ಳಿ.

ಹಾಗೆಂದು ಎಲ್ಲ ಹಾಡಿಗೂ ಎರಡು ಕಾಲು ತುಳಿಯುವುದನ್ನು ನಾನು ಒಪ್ಪುವುದಿಲ್ಲ. ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಕಿಕ್ಕೇರಿ ನಮ್ಮ ಕೆ.ಆರ್. ಪೇಟೆ ತಾಲ್ಲೂಕಿನ ಊರು. 1942ರಲ್ಲಿ ಬಂದ ‘ಮೈಸೂರು ಮಲ್ಲಿಗೆ’ಯ ಗೀತೆಗಳನ್ನು ಹಾಡುವಾಗ ಎರಡನೇ ಪೆಡಲ್ ಇರಲಿ, ಮೊದಲನೆಯದನ್ನೂ ಮೆಲ್ಲಗೆ ತುಳಿಯಬೇಕು, ಎಷ್ಟೋ ಕಡೆ ಕಾಲು ಎತ್ತಿಟ್ಟು ತಬಲಾದವರಿಗೆ ಜಾಗ ಬಿಡಬೇಕು. ಹಳೆಯ ಸಿನಿಮಾದ ಮೆಲೊಡಿ ಹಾಡುಗಳಿಗೂ ಇದೇ ಮಾತು. ಅಲ್ಲಿ ದಡದಡ ಬಾರಿಸಿ ಗಾಯಕಿಯ ದನಿ ಮುಚ್ಚಿದ ಹುಡುಗನನ್ನು ಹಿರಿಯರು ಬೈದರೆ ನಾನೂ ದನಿಗೂಡಿಸುತ್ತೇನೆ. ಬೈಯುವಾಗ ಅವನ ಕಾಲನ್ನು ಬೈಯಿರಿ, ಪೆಡಲನ್ನು ಬಿಚ್ಚಿಸಬೇಡಿ.

ಕಮಿಟಿಯವರಲ್ಲಿ ಮತ್ತು ಹಿರಿಯ ವಾದಕರಲ್ಲಿ ನನ್ನ ಬಿನ್ನಹ ಇಷ್ಟು. ಮುಂದಿನ ಹಬ್ಬದ ರಸಮಂಜರಿಯಲ್ಲಿ ಜಾನಪದ ಗೀತೆಗಳ ಸರದಿ ಬಂದಾಗ ನಿಮ್ಮೂರಿನ ತಮಟೆ ಮತ್ತು ನಗಾರಿಯವರನ್ನು ಅದೇ ವೇದಿಕೆಗೆ ಕರೆದು ಡ್ರಮ್ಸಿನವನ ಪಕ್ಕದಲ್ಲಿ ಕೂರಿಸಿ. ಡ್ರಮ್ಸಿನವನಿಗೆ ಕೊಟ್ಟಷ್ಟೇ ಸಂಭಾವನೆಯನ್ನು ಅವರಿಗೂ ಕೊಡಿ. ಹುಡುಗ ಎರಡು ಕಾಲಿನಲ್ಲಿ ನುಡಿಸಿದ್ದು ಗತ್ತಿಗೆ ಹೊಂದಿತೇ ಇಲ್ಲವೇ ಎಂದು ಅವರನ್ನೇ ಕೇಳಿ. ಹೊಂದಲಿಲ್ಲ ಎಂದು ಅವರು ಹೇಳಿದರೆ ಆ ಹುಡುಗನ ಡಬಲ್ ಪೆಡಲನ್ನು ನಾನೇ ಬಿಚ್ಚಿಸುತ್ತೇನೆ.